ನರ್ಸರಿಯ ಸಸಿಯೋ, ಮನೆಯ ಒಟ್ಲೋ: ಕೋಲಾರದ ಹಿತ್ತಲಿನಿಂದ ಒಂದು ಹೋಲಿಕೆ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದಾಗ ನಮ್ಮ ಬಡಾವಣೆಯಲ್ಲಿ ಮನೆಗೊಂದರಂತೆ ಟೊಮೆಟೊ ಗಿಡ ಹುಟ್ಟಿಕೊಂಡಿತು. ಸಂಪಿನ ಮೇಲೆ, ಕಾಂಪೌಂಡಿನ ಬದಿಯಲ್ಲಿ, ತಳ ಒಡೆದ ಬಕೆಟ್ಟಿನಲ್ಲಿ. ಸಸಿ ನೆಟ್ಟು ಮೊದಲ ಹಣ್ಣು ಕೀಳಲು ಎರಡು, ಎರಡೂವರೆ ತಿಂಗಳು ಬೇಕೆಂಬುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ನಮ್ಮ ಕಾಯಿಗಳು ಕೆಂಪಾಗುವ ಹೊತ್ತಿಗೆ ಸೆಪ್ಟೆಂಬರ್ ಮುಗಿಯುತ್ತಿತ್ತು, ಪೇಟೆಯಲ್ಲಿ ಬೆಲೆ ನೆಲ ಕಚ್ಚಿತ್ತು. ದುಡ್ಡು ಉಳಿಸಲೆಂದೇ ಕೈತೋಟಕ್ಕೆ ಇಳಿಯುವವರಿಗೆ ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಆ ವರ್ಷ ನಾನು ನೆಟ್ಟದ್ದು ಹನ್ನೆರಡು ಗಿಡ. ಆರು ನರ್ಸರಿಯಿಂದ ತಂದವು, ಇನ್ನಾರು ನನ್ನ ಅಮ್ಮ ಒಡೆದ ಮಡಕೆಯೊಂದರಲ್ಲಿ ಒಟ್ಲು (ಸಸಿಮಡಿ) ಬಿಟ್ಟು ಎಬ್ಬಿಸಿದವು. ನೆಡುವ ದಿನ ನರ್ಸರಿಯವು ಗೇಣುದ್ದ ಇದ್ದವು, ಎರಡರಲ್ಲಿ ಆಗಲೇ ಹಳದಿ ಹೂವು ಇಣುಕುತ್ತಿತ್ತು. ಅಮ್ಮನವು ನಾಲ್ಕು ಎಲೆಯ ಪುಟಾಣಿಗಳು. ಹೂ ಬಿಟ್ಟ ಸಸಿ ಸಿಕ್ಕಿದ್ದಕ್ಕೆ ನಾನು ಹಿಗ್ಗಿದ್ದೆ. ಒಂದೂವರೆ ತಿಂಗಳ ನಂತರ ಅಮ್ಮನ ಗಿಡಗಳು ನನ್ನ ಸೊಂಟಕ್ಕೆ ಬಂದಿದ್ದವು, ನರ್ಸರಿಯವು ಮೊಣಕಾಲಿಗೂ ಏರಿರಲಿಲ್ಲ. ಆರರಲ್ಲಿ ಒಂದನ್ನು ಕಿತ್ತು ನೋಡಿದೆ. ಬೇರೆಲ್ಲ ನರ್ಸರಿಯಲ್ಲಿ ಸಸಿ ಬೆಳೆಸುವ ಟ್ರೇಯ ಗುಳಿಯ ಆಕಾರದಲ್ಲೇ ಕಂದು ಬಣ್ಣಕ್ಕೆ ತಿರುಗಿ, ದಾರದ ಉಂಡೆಯಂತೆ ಸುತ್ತಿಕೊಂಡು ಕುಳಿತಿತ್ತು. ಆರು ವಾರ ಮಣ್ಣಿನಲ್ಲಿದ್ದರೂ ಅದು ಮಣ್ಣಿಗೆ ಇಳಿದೇ ಇರಲಿಲ್ಲ.

ಅದರಿಂದ ನರ್ಸರಿ ಕೆಟ್ಟದ್ದು, ಮನೆಯದೇ ಒಳ್ಳೆಯದು ಎಂದು ನಾನು ತೀರ್ಮಾನಿಸಿದ್ದು ಮುಂದಿನ ಎರಡು ವರ್ಷಗಳ ತಪ್ಪಿಗೆ ಕಾರಣವಾಯಿತು. ಈಗ ನರ್ಸರಿಗೂ ಹೋಗುತ್ತೇನೆ, ಮನೆಯಲ್ಲೂ ಬಿತ್ತುತ್ತೇನೆ. ಯಾವುದಕ್ಕೆ ಯಾವುದು ಎಂಬುದನ್ನು ಬೆಳೆ ನೋಡಿ ನಿರ್ಧರಿಸುತ್ತೇನೆ.

ಸಸಿಯೇ ಬೇಡದ ಬೆಳೆಗಳು

ಮೊದಲು ಇವನ್ನು ಬದಿಗಿಡೋಣ. ಮೂಲಂಗಿ, ಕ್ಯಾರೆಟ್ಟಿನ ಬೇರೇ ನಮಗೆ ಬೇಕಾದ ತರಕಾರಿ. ಸಸಿ ಮಾಡಿ ಕಿತ್ತು ನೆಟ್ಟರೆ ಬೇರು ಕವಲೊಡೆದು ಸೊಟ್ಟಗಾಗುತ್ತದೆ. ಹುರುಳಿಕಾಯಿ, ಅವರೆ, ಅಲಸಂದೆ, ಬೆಂಡೆ ಇವನ್ನೂ ನೇರವಾಗಿ ಗುಣಿಗೆ ಹಾಕುವುದೇ ಸರಿ. ಬೆಂಡೆಯ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಮೊಳಕೆ ಒಂದೆರಡು ದಿನ ಬೇಗ ಬರುತ್ತದೆ.

ಸೊಪ್ಪುಗಳದ್ದೂ ಅಷ್ಟೇ. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ, ಪಾಲಕ್ ಎಲ್ಲವೂ ನೇರ ಬಿತ್ತನೆ. ಕುಂಡದಲ್ಲಿ ಬೆಳೆದ ಕೊತ್ತಂಬರಿಯನ್ನು ಕೆಲವೆಡೆ ಚೆಂದದ ಬೆಲೆಗೆ ಮಾರುತ್ತಾರೆ. ಮನೆಗೆ ತಂದ ಹದಿನೈದು ದಿನಕ್ಕೆ ಅದು ಹೂವಿಗೆ ಬಂದು ಕಡ್ಡಿಯಾಗುತ್ತದೆ. ಅದೇ ಹಣಕ್ಕೆ ಅಂಗಡಿಯ ಧನಿಯಾ ತಂದು, ಚಪ್ಪಲಿಯ ಅಡಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ವಾರಕ್ಕೊಮ್ಮೆ ಒಂದೊಂದು ಹಿಡಿ ಚೆಲ್ಲಿದರೆ ಸಾರಿಗೆ ಎಂದೂ ಕೊರತೆಯಿಲ್ಲ. ಹುರಿದದ್ದಾಗಲಿ, ತೀರ ಹಳೆಯದಾಗಲಿ ಬೇಡ. ಮೊಳಕೆ ಬರಲು ಹತ್ತರಿಂದ ಹದಿನೈದು ದಿನ ಬೇಕು, ಮಣ್ಣು ಕೆದಕಿ ನೋಡಬೇಡಿ. ಮೆಂತ್ಯ ಅವಸರದ ಮಂದಿಗೆ: ಮೂರು ನಾಲ್ಕು ದಿನಕ್ಕೆ ಮೊಳಕೆ, 25ರಿಂದ 30 ದಿನಕ್ಕೆ ಸೊಪ್ಪು.

ಸೋರೆ, ಹೀರೆ, ಹಾಗಲ, ಸೌತೆ ಇವು ನಡುವಿನವು. ಬೇರು ಕದಲಿದರೆ ಮುನಿಸಿಕೊಳ್ಳುತ್ತವೆ. ಜಾಗ ಸಿದ್ಧವಿದ್ದರೆ ನೇರ ಬಿತ್ತಿ. ಇಲ್ಲದಿದ್ದರೆ ಕಾಗದದ ಲೋಟದಲ್ಲಿ ಒಂದೊಂದೇ ಬೀಜ ಹಾಕಿ, ಬೀಜದೆಲೆಯ (ಮೊಳಕೆಯ ಮೊದಲ ಜೋಡಿ ಎಲೆ) ಮೇಲೆ ಎರಡು ಎಲೆ ಮೂಡಿದ ಕೂಡಲೇ ಲೋಟ ಹರಿದು ಮಣ್ಣುಂಡೆ ಸಮೇತ ನೆಡಿ. ಮೂರು ವಾರ ದಾಟಿಸಬೇಡಿ.

ಉಳಿದದ್ದು ಟೊಮೆಟೊ, ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಎಲೆಕೋಸು, ಹೂಕೋಸು. ಕೊಳ್ಳುವುದೋ ಎಬ್ಬಿಸುವುದೋ ಎಂಬ ಪ್ರಶ್ನೆ ಇರುವುದು ಇವುಗಳಿಗೆ ಮಾತ್ರ.

ಕೊಳ್ಳುವುದಾದರೆ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ನೆರಳುಪರದೆಯ ನರ್ಸರಿಗಳು ಮುಖ್ಯವಾಗಿ ಇರುವುದು ರೈತರಿಗಾಗಿ. ರೈತ ಇಂತಿಷ್ಟು ಸಾವಿರ ಸಸಿ ಎಂದು ಮುಂಚೆಯೇ ಹೇಳಿರುತ್ತಾನೆ, ಎಷ್ಟೋ ಸಲ ಬೀಜದ ಪೊಟ್ಟಣವನ್ನೂ ಅವನೇ ಕೊಟ್ಟಿರುತ್ತಾನೆ. 98 ಗುಳಿಗಳ ಟ್ರೇಯಲ್ಲಿ ಟೊಮೆಟೊ 21ರಿಂದ 25 ದಿನಕ್ಕೆ ಸಿದ್ಧವಾಗುತ್ತದೆ, ಗಾಡಿ ಬಂದು ಹೊತ್ತೊಯ್ಯುತ್ತದೆ. ರೈತ ಬಾರದೆ ಉಳಿದ ಟ್ರೇಗಳು, ಮಳೆ ತಪ್ಪಿದ್ದರಿಂದ ಬೇಡವಾದ ಟ್ರೇಗಳು ಒಂದು ಮೂಲೆ ಸೇರುತ್ತವೆ. ನಮ್ಮಂಥವರು ಹೋಗಿ ‘ಹತ್ತು ಸಸಿ ಕೊಡಿ’ ಎಂದಾಗ ಕೈ ಹೋಗುವುದು ಆ ಮೂಲೆಗೇ. ಅದರಲ್ಲಿ ಮೋಸವೇನೂ ಇಲ್ಲ. ಸಾವಿರದ ಲೆಕ್ಕದಲ್ಲಿ ವ್ಯಾಪಾರ ಮಾಡುವವರು ಹತ್ತು ಸಸಿಗೆಂದು ಹೊಸ ಟ್ರೇ ಒಡೆಯುವುದಿಲ್ಲ.

ನನಗೆ ಇದನ್ನು ಬಿಡಿಸಿ ಹೇಳಿದವರು ನರ್ಸರಿಯಲ್ಲಿ ನೀರು ಹಾಯಿಸುವ ಒಬ್ಬ ಅಮ್ಮ. ಆಮೇಲೊಮ್ಮೆ ನರ್ಸರಿಗೆ ಹೋಗಿ ಮತ್ತೆ ಗೇಣುದ್ದದ ಸಸಿಗೇ ಕೈ ಹಾಕಿದ್ದೆ. ಅವರು ಪೈಪು ಕೆಳಗಿಟ್ಟು ಬಂದರು. “ಅದು ಬೇಡ ಅಣ್ಣ, ಅದಕ್ಕೆ ವಯಸ್ಸಾಗಿದೆ. ನಾಳೆ ಬೆಳಿಗ್ಗೆ ಬನ್ನಿ, ಆ ಸಾಲು ಹೊಲಕ್ಕೆ ಹೋಗುತ್ತದೆ, ಅದರಲ್ಲೇ ಒಂದು ಹಿಡಿ ಕೊಡಿಸುತ್ತೇನೆ” ಎಂದರು. ಅಂದಿನಿಂದ ನಾನು ಕೇಳುವುದು ತಳಿಯ ಹೆಸರಿಗಿಂತ ಮೊದಲು ಬಿತ್ತಿದ ದಿನ. ಟೊಮೆಟೊ, ಕೋಸಿಗೆ 25 ದಿನದ ಆಸುಪಾಸು, ಬದನೆಗೆ 30ರಿಂದ 35, ಮೆಣಸಿನಕಾಯಿಗೆ 35ರಿಂದ 40. ಇದಕ್ಕಿಂತ ಒಂದು ವಾರ ಹೆಚ್ಚಾದರೆ ತಡೆದುಕೊಳ್ಳಬಹುದು, ಮೂರು ವಾರ ಹೆಚ್ಚಾದದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಬುಡ. ಗುಳಿಯ ತಳದಿಂದ ಬೆರಳಲ್ಲಿ ಒತ್ತಿ ಒಂದು ಸಸಿಯನ್ನು ಮೇಲೆಬ್ಬಿಸಿ. ಬಿಳಿ ಬೇರು ಸುತ್ತ ಹೆಣೆದುಕೊಂಡು ಉಂಡೆ ಉದುರದೆ ಹಾಗೇ ಬಂದರೆ ಸರಿ. ಕಂದು ಬಣ್ಣ, ಹುಳಿ ವಾಸನೆ, ತಳದಲ್ಲಿ ಬಿಗಿಯಾಗಿ ಸುತ್ತಿದ ಬೇರು ಕಂಡರೆ ಟ್ರೇ ಕೆಳಗಿಡಿ. ಬೀಜದೆಲೆ ಎರಡೂ ಇನ್ನೂ ಹಸಿರಾಗಿದ್ದರೆ ಸಸಿ ಹಸಿವು ಕಂಡಿಲ್ಲ ಎಂದರ್ಥ. ಆಮೇಲೆ ಎಲೆಯ ಹಿಂಬದಿ ತಿರುಗಿಸಿ. ಟ್ರೇಯನ್ನು ಅಲುಗಿಸಿದಾಗ ಬಿಳಿ ಪುಡಿಯಂತೆ ಹಾರಿದರೆ ಅದು ಬಿಳಿನೊಣ, ಎಲೆ ಮುಟುರು ರೋಗದ ವಾಹಕ. ಫೆಬ್ರವರಿಯಿಂದ ಮೇ ತಿಂಗಳವರೆಗೆ ನಮ್ಮ ಕಡೆ ಇದರ ಕಾಟ ವಿಪರೀತ. ಸಸಿಯಾಗಿರುವಾಗಲೇ ರೋಗ ಹತ್ತಿದ ಟೊಮೆಟೊ ಕಾಯಿ ಕೊಡುವುದು ಅಪರೂಪ, ಅದಕ್ಕೆ ಯಾವ ಕಷಾಯವೂ ಮದ್ದಲ್ಲ.

ಎಬ್ಬಿಸುವುದಾದರೆ

ಮನೆಯ ಒಟ್ಲಿನ ನಿಜವಾದ ಬೆಲೆ ದುಡ್ಡಲ್ಲಿಲ್ಲ, ಮುಂಜಾನೆಗಳಲ್ಲಿದೆ. ಟ್ರೇಯ ಒಂದು ಗುಳಿ ಹಿಡಿಯುವುದು ಒಂದೆರಡು ಚಮಚ ತೆಂಗಿನ ನಾರಿನ ಪುಡಿ. ಏಪ್ರಿಲ್ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಒಣಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿಮುಕಿಸುವ ನೀರು, ನಾಲ್ಕು ವಾರ ತಪ್ಪದೆ. ಮಧ್ಯೆ ಮೂರು ದಿನದ ಮದುವೆಯೊಂದು ಬಂದರೆ ಸಸಿಯ ಕಥೆ ಮುಗಿಯಿತು. ಮನೆಯಲ್ಲಿ ಸದಾ ಯಾರಾದರೂ ಇರುತ್ತಾರೆ ಎನ್ನುವವರು ಧೈರ್ಯವಾಗಿ ಎಬ್ಬಿಸಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬೆಂಗಳೂರು ರೈಲು ಹಿಡಿಯುವವರಾದರೆ ಕೊಳ್ಳುವುದೇ ಜಾಣತನ.

ಸಂಖ್ಯೆಯೂ ಮುಖ್ಯ. ನಾಲ್ವರ ಮನೆಗೆ ಆರು ಟೊಮೆಟೊ, ನಾಲ್ಕು ಮೆಣಸಿನಕಾಯಿ, ಎರಡು ಬದನೆ ಸಾಕು. 10 ಗ್ರಾಂ ಟೊಮೆಟೊ ಬೀಜದ ಪೊಟ್ಟಣದಲ್ಲಿ ಸುಮಾರು 3000 ಬೀಜ ಇರುತ್ತವೆ. ಆರು ಗಿಡಕ್ಕಾಗಿ ಆ ಪೊಟ್ಟಣ ಕೊಳ್ಳುವುದು ಇಡ್ಲಿಗಾಗಿ ಗಿರಣಿ ಕೊಂಡಂತೆ.

ಹಾಗಾದರೆ ಮನೆಯಲ್ಲಿ ಎಬ್ಬಿಸಬೇಕಾದದ್ದು ಯಾವಾಗ? ನರ್ಸರಿಯಲ್ಲಿ ಸಿಗದ ತಳಿ ಬೇಕಾದಾಗ. ನರ್ಸರಿಯವರು ಬೆಳೆಸುವುದು ಲಾರಿ ಏರುವ ಟೊಮೆಟೊ. ದಪ್ಪ ತೊಗಟೆ, ಗಟ್ಟಿ ತಿರುಳು, ಉತ್ತರ ಭಾರತ ತಲುಪುವವರೆಗೆ ಒಡೆಯದ ಹಣ್ಣು. ಆ ಗುಣ ನಮ್ಮ ಅಡುಗೆಮನೆಗೆ ಬೇಕಿಲ್ಲ. ಸಾರಿಗೆ ಹುಳಿ ಬೇಕು, ಗೊಜ್ಜಿಗೆ ರಸ ಬೇಕು. ಚಪ್ಪಟೆಯಾಗಿ, ಪಕ್ಕೆ ಪಕ್ಕೆಯಾಗಿ, ಕೈಯಲ್ಲಿ ಹಿಡಿದರೆ ಒಡೆಯುವ ನಾಟಿ ಟೊಮೆಟೊ ಬೇಕೆಂದರೆ ಬೀಜವನ್ನು ಯಾರದೋ ಹಿತ್ತಲಿನಿಂದ ತಂದು ನೀವೇ ಎಬ್ಬಿಸಬೇಕು. ಬದನೆಯಲ್ಲೂ ಹಾಗೇ.

ನಾಟಿ ಬೀಜದ ದೊಡ್ಡ ಲಾಭ, ಮುಂದಿನ ವರ್ಷಕ್ಕೂ ಅದೇ ಬೀಜ ಎತ್ತಿಡಬಹುದು. ಚೆನ್ನಾಗಿ ಹಣ್ಣಾದದ್ದನ್ನು ಹಿಂಡಿ ಎರಡು ದಿನ ಲೋಟದಲ್ಲಿ ಹುಳಿಯಲು ಬಿಡಿ. ಬೀಜದ ಸುತ್ತಲಿನ ಲೋಳೆ ಕರಗಿದ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಹೈಬ್ರಿಡ್ ಹಣ್ಣಿನ ಬೀಜ ಹೀಗೆ ಎತ್ತಿಟ್ಟರೆ ಮರುವರ್ಷ ಗಿಡವೇನೋ ಬರುತ್ತದೆ, ತಾಯಿಯ ಗುಣ ಬರುವ ಭರವಸೆಯಿಲ್ಲ. ನಾಟಿಗೆ ಇರುವ ಕುಂದು ರೋಗ. ಎಲೆ ಮುಟುರು, ಸೊರಗು ರೋಗ, ಎಲೆ ಚುಕ್ಕೆಬಿದ್ದು ಒಣಗುವ ಮುಂಚಿನ ಅಂಗಮಾರಿ ಮೂರಕ್ಕೂ ಬೇಗ ಬಗ್ಗುತ್ತದೆ. ಈ ಮೂರನ್ನೂ ತಡೆಯಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಹೈಬ್ರಿಡ್ ಅರ್ಕಾ ರಕ್ಷಕ್. ಮೊದಲ ಸಲ ಬೆಳೆಯುವವರು ಅದರಿಂದ ಆರಂಭಿಸಿದರೆ ಮನಸ್ಸು ಮುರಿಯುವುದಿಲ್ಲ. ನಾನು ನಾಲ್ಕು ಗಿಡ ಹೈಬ್ರಿಡ್, ಎರಡು ನಾಟಿ ಎಂಬ ಲೆಕ್ಕ ಇಟ್ಟುಕೊಂಡಿದ್ದೇನೆ. ಅಮ್ಮ ಇದನ್ನು ಒಪ್ಪುವುದಿಲ್ಲ.

ಬೀಜದ ಪೊಟ್ಟಣದಲ್ಲಿ ಕೆಂಪು, ಹಸಿರು, ನೀಲಿ ಬಣ್ಣ ಬಳಿದದ್ದು ಕಂಡರೆ ಅದು ಶಿಲೀಂಧ್ರನಾಶಕದ ಲೇಪ. ಮಕ್ಕಳ ಕೈಗೆ ಸಿಗದಂತೆ ಇಡಿ, ಬಿತ್ತಿದ ಮೇಲೆ ಕೈ ತೊಳೆಯಿರಿ.

ಟ್ರೇ, ಮಡಿ, ಒಡೆದ ಮಡಕೆ

ಅಮ್ಮನ ವಿಧಾನ ಹಳೆಯದು. ಮಡಕೆಯಲ್ಲಿ ಜರಡಿ ಹಿಡಿದ ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ. ಬೆರಳಲ್ಲಿ ಗೆರೆ ಎಳೆದು ಬೀಜ ಉದುರಿಸಿ, ಮೇಲೆ ತೆಳುವಾಗಿ ಗೊಬ್ಬರ ಮುಚ್ಚಿ, ಹುಲ್ಲು ಹೊದಿಸುತ್ತಾರೆ. ಇರುವೆಗೆ ಸುತ್ತ ಬೂದಿ. ಮಣ್ಣಿನ ಒಟ್ಲು ಅಷ್ಟು ಬೇಗ ಒಣಗುವುದಿಲ್ಲ, ಒಂದು ಹೊತ್ತು ನೀರು ಮರೆತರೂ ಸಸಿ ಕ್ಷಮಿಸುತ್ತದೆ. ಆದರೆ ಕೀಳುವಾಗ ಬೇರು ಹರಿಯುತ್ತದೆ. ನೆಟ್ಟ ನಾಲ್ಕೈದು ದಿನ ತಲೆ ಬಾಗಿಸಿಕೊಂಡೇ ಇರುತ್ತವೆ, ಹತ್ತರಲ್ಲಿ ಎರಡು ಹೋಗುತ್ತವೆ. ಬೀಜ ದಟ್ಟವಾಗಿ ಬಿದ್ದು, ಮೋಡ ಕವಿದು, ನೀರು ಹೆಚ್ಚಾಯಿತೆಂದರೆ ಒಂದೇ ರಾತ್ರಿಯಲ್ಲಿ ಸಸಿಗಳು ಬುಡ ಕೊಳೆತು ಅಡ್ಡ ಮಲಗುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಯಾರೋ ಕತ್ತರಿ ಆಡಿಸಿದಂತೆ ಕಾಣುತ್ತದೆ. ಗೊಬ್ಬರಕ್ಕೆ ಮೊದಲೇ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸುವುದು, ಬೀಜವನ್ನು ತೆಳುವಾಗಿ ಉದುರಿಸುವುದು, ಮೇಲ್ಮಣ್ಣು ಆರಿದ ಮೇಲೆಯೇ ನೀರು ಕೊಡುವುದು, ಇಷ್ಟೇ ಇದಕ್ಕೆ ದಾರಿ.

ಟ್ರೇಯಲ್ಲಿ ಒಂದೊಂದು ಸಸಿಗೂ ಒಂದೊಂದು ಕೋಣೆ. ರೋಗ ಪಕ್ಕದ ಮನೆಗೆ ಬೇಗ ದಾಟದು, ನೆಡುವಾಗ ಒಂದು ಬೇರೂ ಹರಿಯದು. ಅರ್ಧ ಸೆಂಟಿಮೀಟರ್ ಆಳಕ್ಕೆ ಒಂದೊಂದು ಬೀಜ ಇಟ್ಟು, ನೀರು ಚಿಮುಕಿಸಿ, ಟ್ರೇಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ನೆರಳಲ್ಲಿಡಿ. ನಾಲ್ಕನೇ ದಿನದಿಂದ ಬೆಳಿಗ್ಗೆ ಸಂಜೆ ಇಣುಕಿ ನೋಡಬೇಕು. ಮೊದಲ ಮೊಳಕೆ ಬಾಗಿದ ಕೊಕ್ಕಿಯಂತೆ ಕಂಡ ಕೂಡಲೇ ಹಾಳೆ ತೆಗೆದು ಬೆಳಕಿಗಿಡಿ. ಒಂದು ದಿನ ತಡವಾದರೂ ಕತ್ತಲಲ್ಲಿ ಎಳೆದುಕೊಂಡು ದಾರದಂತೆ ಬೆಳೆದುಬಿಡುತ್ತವೆ, ಅವನ್ನು ಮತ್ತೆ ಗಟ್ಟಿ ಮಾಡಲಾಗದು. ಮೆಣಸಿನಕಾಯಿ ಮಾತ್ರ ಎಂಟರಿಂದ ಹನ್ನೆರಡು ದಿನ ಸತಾಯಿಸುತ್ತದೆ. ಮನೆಗೆ 98ರ ಟ್ರೇಗಿಂತ ಗುಳಿ ದೊಡ್ಡದಿರುವ 50ರ ಟ್ರೇ ಒಳ್ಳೆಯದು. ನೀರಿನ ಗಡಿಬಿಡಿ ಕಡಿಮೆ, ಸಸಿ ನಾಲ್ಕು ದಿನ ಹೆಚ್ಚು ಕಾಯುತ್ತದೆ. ಕತ್ತರಿಯಿಂದ ಎರಡು ತುಂಡು ಮಾಡಿ ಪಕ್ಕದ ಮನೆಯವರೊಂದಿಗೆ ಹಂಚಿಕೊಂಡರೂ ನಡೆಯುತ್ತದೆ.

ಟ್ರೇಗೆ ಮಣ್ಣು ತುಂಬಬೇಡಿ. ನಮ್ಮ ಕೆಮ್ಮಣ್ಣು ಸಣ್ಣ ಗುಳಿಯಲ್ಲಿ ನೀರು ಬಿದ್ದು ಒಣಗಿದರೆ ಇಟ್ಟಿಗೆ. ಅಲ್ಲಿಗೆ ತೆಂಗಿನ ನಾರಿನ ಪುಡಿ, ಎಲ್ಲರ ಬಾಯಲ್ಲಿ ಕೋಕೋಪೀಟ್. ತಿಪಟೂರು, ಗುಬ್ಬಿಯ ಕಡೆಯವರಿಗೆ ಇದು ಮನೆ ಬಾಗಿಲಿನ ಸರಕು. ತುಮಕೂರಿನ ನೆಂಟರು ಚೀಲ ತುಂಬಿ ಕೊಟ್ಟದ್ದನ್ನು ನಾನು ಹಾಗೇ ಟ್ರೇಗೆ ಸುರಿದಿದ್ದೆ. ಮೊಳಕೆ ಬಂತು, ಎರಡನೇ ಎಲೆಗೆ ನಿಂತಿತು, ಎಲೆಯಂಚು ಸುಟ್ಟಂತಾಯಿತು. ತೆಂಗಿನ ಸಿಪ್ಪೆಯಲ್ಲಿರುವ ಉಪ್ಪು ಪುಡಿಯಲ್ಲೇ ಉಳಿದಿರುತ್ತದೆ. ಬಕೆಟ್ಟಿನಲ್ಲಿ ಎರಡು ಮೂರು ಸಲ ನೆನೆಸಿ, ಕಾಫಿ ಬಣ್ಣದ ನೀರು ತಿಳಿಯಾಗುವವರೆಗೆ ಹಿಂಡಿ ತೆಗೆಯಬೇಕು. ಇನ್ನೊಂದು ಮಾತು, ಕೋಕೋಪೀಟ್ ನೀರು ಹಿಡಿಯುತ್ತದೆಯೇ ಹೊರತು ಊಟ ಕೊಡುವುದಿಲ್ಲ. ಮೂರು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿದರೆ ನಾಲ್ಕು ವಾರ ಸಾಗುತ್ತದೆ.

ಬಿಳಿನೊಣಕ್ಕೆಂದು ಒಟ್ಲಿಗೆ ಸೊಳ್ಳೆ ಪರದೆ ಹೊದಿಸುವವರಿದ್ದಾರೆ. ಬಿಳಿನೊಣ ಒಂದು ಮಿಲಿಮೀಟರ್ ಗಾತ್ರದ ಹುಳು, ಸೊಳ್ಳೆ ಪರದೆಯ ಕಣ್ಣಿನಲ್ಲಿ ಆರಾಮವಾಗಿ ನುಸುಳುತ್ತದೆ. 40 ಮೆಶ್ (ಇಂಚಿಗೆ 40 ಕಣ್ಣು) ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ನೈಲಾನ್ ಪರದೆ ಬೇಕು. ಬೇವಿನ ಎಣ್ಣೆಯ ಸಿಂಪಡಣೆ ಒಳ್ಳೆಯದೇ, ಆದರೆ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವವರಿದ್ದರೆ, ಹಿಪ್ಪುನೇರಳೆ ತೋಟವಿದ್ದರೆ ಅದೂ ಬೇಡ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ನಮ್ಮ ಆರು ಟೊಮೆಟೊಗಾಗಿ ಅವರ ಒಂದು ಬೆಳೆ ಹೋಗಬಾರದು.

ಯಾವ ನೀರು

ನಮ್ಮ ಜಿಲ್ಲೆಗಳಲ್ಲಿ ಸಸಿ ಕೆಡಲು ನೀರೇ ಕಾರಣವಾಗಿರುತ್ತದೆ, ನಾವು ಗೊಬ್ಬರವನ್ನು ಬೈಯುತ್ತಿರುತ್ತೇವೆ. ಸಾವಿರ ಅಡಿ ಆಳದ ಕೊಳವೆಬಾವಿಯ ನೀರು ಗಡಸು. ಅನ್ನದ ಪಾತ್ರೆಯಲ್ಲಿ ಕಟ್ಟುವ ಬಿಳಿ ಪೊರೆಯೇ ಕುಂಡದ ಅಂಚಿನಲ್ಲೂ ಕಟ್ಟುತ್ತದೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲ ಎಂದು ತಿಳಿಯಿರಿ. ನೆಲದಲ್ಲಿರುವ ದೊಡ್ಡ ಗಿಡ ಇದನ್ನು ಸಹಿಸುತ್ತದೆ, ಟ್ರೇಯ ಸಸಿ ಸಹಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಆರ್‌ಒ ಯಂತ್ರದಿಂದ ಹೊರಬೀಳುವ ನೀರು. ಶುದ್ಧ ನೀರಿನ ಯಂತ್ರದಿಂದ ಬಂದದ್ದಲ್ಲವೇ ಎಂದು ಅದನ್ನು ಗಿಡಕ್ಕೆ ಹಾಕುತ್ತಾರೆ. ಉಪ್ಪನ್ನೆಲ್ಲ ಬೇರ್ಪಡಿಸಿ ಹೊರಗೆ ತಳ್ಳಿದ ನೀರು ಅದು. ನೆಲ ಒರೆಸಲು ಬಳಸಿ.

ಮಳೆ ನೀರಿಗೆ ಸಾಟಿಯಿಲ್ಲ. 80 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 800 ಲೀಟರ್. ಹಸ್ತ, ಚಿತ್ತೆಯ ಒಂದು ಒಳ್ಳೆಯ ಮಳೆಯಲ್ಲಿ ಡ್ರಮ್ಮು ತುಂಬಿಸಿ ಮುಚ್ಚಿಟ್ಟುಕೊಂಡರೆ ಒಂದು ಟ್ರೇ ಸಸಿ ಎಬ್ಬಿಸಲು ಧಾರಾಳ. ನಾನು ಮಳೆ ನೀರನ್ನು ಟ್ರೇಗೆ ಮಾತ್ರ ಇಟ್ಟುಕೊಂಡು, ನೆಟ್ಟ ಮೇಲೆ ಕೊಳವೆಬಾವಿಯ ನೀರಿಗೆ ಹೊರಳುತ್ತೇನೆ.

ನೆಡುವ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೊಗಸೆಯಷ್ಟು ನೆಲವಿದ್ದರೂ ಮೊದಲ ಆಯ್ಕೆ ನೆಲ. ಇಲ್ಲದಿದ್ದರೆ ಟೊಮೆಟೊ, ಬದನೆಗೆ 20 ಲೀಟರಿನ ಪೇಂಟ್ ಡಬ್ಬ ಅಥವಾ ಗ್ರೋ ಬ್ಯಾಗ್, ಮೆಣಸಿನಕಾಯಿಗೆ 10 ಲೀಟರ್, ಸೊಪ್ಪಿಗೆ ಆರಿಂಚು ಆಳದ ಯಾವುದೇ ತಟ್ಟೆ. ನೀರು ಕುಡಿದ ಮಣ್ಣು ತುಂಬಿದ 20 ಲೀಟರ್ ಡಬ್ಬ 30 ಕೆಜಿ ತೂಗುತ್ತದೆ, ಆದ್ದರಿಂದ ತಾರಸಿಯ ನಡುವೆ ಬೇಡ, ಗೋಡೆಯ ನೇರಕ್ಕೆ ಜೋಡಿಸಿ. ನೆಲದಲ್ಲಿ ಕಳೆದ ಸಲ ಟೊಮೆಟೊ ಇದ್ದ ಗುಣಿಗೆ ಈ ಸಲ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ. ಎಲ್ಲ ಒಂದೇ ಕುಟುಂಬ, ಒಂದರ ಸೊರಗು ರೋಗ ಇನ್ನೊಂದಕ್ಕೆ. ಅಲ್ಲಿ ಹುರುಳಿಕಾಯಿ ಹಾಕಿ. ಗೊಬ್ಬರ ಹಳೆಯದೇ ಆಗಬೇಕು. ಹಸಿ ಸಗಣಿಯ ಜೊತೆ ಗೊಣ್ಣೆಹುಳು ಉಚಿತ.

ನಾಟಿಯ ಸಂಜೆ

ಕೊಂಡದ್ದಾಗಲಿ ಎಬ್ಬಿಸಿದ್ದಾಗಲಿ, ಸಸಿ ನೆರಳಿನ ಕೂಸು. ಒಂದು ವಾರ ಮುಂಚಿನಿಂದ ಬೆಳಗಿನ ಎಳೆಬಿಸಿಲಿಗೆ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಹೊರಗಿಟ್ಟು ಅಭ್ಯಾಸ ಮಾಡಿಸಿ, ನೀರು ಸ್ವಲ್ಪ ಬಿಗಿ ಹಿಡಿಯಿರಿ. ನರ್ಸರಿಯಿಂದ ತಂದ ದಿನವೇ ನೆಡಬೇಡಿ. ಎರಡು ಮೂರು ದಿನ ನಿಮ್ಮ ಮನೆಯ ಗಾಳಿ ಬೆಳಕು ನೋಡಲಿ.

ನೆಡುವುದು ಸಂಜೆ ನಾಲ್ಕರ ಮೇಲೆ, ಮೋಡವಿದ್ದರೆ ಇನ್ನೂ ಒಳ್ಳೆಯದು. ಒಂದು ಗಂಟೆ ಮುಂಚೆ ಟ್ರೇಗೆ ನೀರು ಕೊಟ್ಟಿರಬೇಕು. ಒಣಗಿದ್ದರೆ ಉಂಡೆ ಪುಡಿಯಾಗುತ್ತದೆ. ಕಾಂಡ ಹಿಡಿದು ಎಳೆಯಬೇಡಿ, ಕೆಳಗಿನಿಂದ ಒತ್ತಿ, ಉಂಡೆಯನ್ನೇ ಹಿಡಿಯಿರಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಎಳೆಯ ಕಾಂಡ ನಜ್ಜಾದರೆ ಅಲ್ಲಿಗೆ ಮುಗಿಯಿತು. ಟೊಮೆಟೊವನ್ನು ಆಳವಾಗಿ, ಬೀಜದೆಲೆ ಮುಚ್ಚುವಂತೆ ನೆಡಿ. ಮಣ್ಣಿನೊಳಗೆ ಹೋದ ಕಾಂಡದ ಉದ್ದಕ್ಕೂ ಬೇರು ಒಡೆಯುತ್ತದೆ, ಉದ್ದುದ್ದ ಬೆಳೆದ ಸಸಿಗೆ ಇದೇ ಪರಿಹಾರ. ಮೆಣಸಿನಕಾಯಿಗೆ ಈ ಉಪಕಾರ ಬೇಡ, ಟ್ರೇಯಲ್ಲಿದ್ದ ಮಟ್ಟಕ್ಕೇ ನೆಡಿ. ಕೋಸಿನ ನಡುಚಿಗುರಿನೊಳಗೆ ಮಣ್ಣು ಬೀಳಬಾರದು. ಸುತ್ತ ಬೆರಳಲ್ಲಿ ಅದುಮಿ, ಪಾತಿ ಕಟ್ಟಿ, ಒಂದು ಚೊಂಬು ನೀರನ್ನು ಬುಡಕ್ಕೆ ನಿಧಾನವಾಗಿ ಬಿಡಿ. ಕೋಲನ್ನು ಅಂದೇ ಊರಿಬಿಡಿ, ಆಮೇಲೆ ಊರಿದರೆ ಬೇರಿಗೆ ಚುಚ್ಚುತ್ತದೆ. ಮೂರು ದಿನ ಮಧ್ಯಾಹ್ನದ ಹೊತ್ತು ಮುತ್ತುಗದ ಎಲೆಯನ್ನೋ ಹಳೆಯ ಮೊರವನ್ನೋ ಅಡ್ಡ ನಿಲ್ಲಿಸಿದರೆ ಬಿಸಿಲು ತಟ್ಟುವುದಿಲ್ಲ. ಮೂಲೆಯಲ್ಲಿ ಎರಡು ಚೆಂಡುಹೂವಿನ ಗಿಡವಿರಲಿ. ಕಾಯಿಕೊರಕದ ಪತಂಗ ಮೊದಲು ಅಲ್ಲಿ ಮೊಟ್ಟೆಯಿಡಲು ಇಷ್ಟಪಡುತ್ತದೆ.

ಒಗ್ಗರಣೆಯ ಗಿಡಗಳು

ಇವುಗಳಲ್ಲಿ ಹೆಚ್ಚಿನವನ್ನು ಕೊಳ್ಳುವುದೂ ಬೇಡ, ಬಿತ್ತುವುದೂ ಬೇಡ. ಪೇಟೆಯಿಂದ ತಂದ ಪುದೀನದ ಕಟ್ಟಿನಲ್ಲಿ ದಪ್ಪ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ಬಿಡಿಸಿ ಚಟ್ನಿಗೆ ಕೊಟ್ಟು, ಕಡ್ಡಿಯನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನದಲ್ಲಿ ಬೇರು. ಅದನ್ನು ಬೇರೆಯದೇ ಡಬ್ಬದಲ್ಲಿ ನೆಡಿ, ನೆಲಕ್ಕೆ ಬಿಟ್ಟರೆ ಹಿತ್ತಲನ್ನೇ ಬರೆಸಿಕೊಳ್ಳುತ್ತದೆ. ದೊಡ್ಡಪತ್ರೆ ತುಂಡು ಮುರಿದು ಚುಚ್ಚಿದರೂ ಬರುತ್ತದೆ, ಒಂದೆಲಗಕ್ಕೆ ಬೇರಿರುವ ಬಳ್ಳಿ ಒಂದು ಸಾಕು, ಸದಾ ಹಸಿ ಇರುವ ಜಾಗ ಬೇಕು. ತುಳಸಿ ಬೀಜದಿಂದ ಸುಲಭ. ಕರಿಬೇವನ್ನು ಮಾತ್ರ ಕೊಂಡುಬಿಡಿ. ಹಣ್ಣಾದ ಬೀಜವನ್ನು ಕೂಡಲೇ ಬಿತ್ತಿದರೆ ಹುಟ್ಟುತ್ತದೆ, ಆದರೆ ಒಗ್ಗರಣೆಗೆ ಧೈರ್ಯವಾಗಿ ಎಲೆ ಕೀಳಲು ವರ್ಷಗಟ್ಟಲೆ ಕಾಯಬೇಕು. ದೊಡ್ಡ ಮರದ ಬುಡದಲ್ಲಿ ಎದ್ದ ಮರಿಯನ್ನು ಬೇರು ಸಮೇತ ಕೊಡುವ ನೆರೆಯವರಿದ್ದರೆ ಅದು ಭಾಗ್ಯ.

ತಳಿಯ ಬಗ್ಗೆ, ರೋಗದ ಬಗ್ಗೆ ಕೇಳಬೇಕೆನಿಸಿದಾಗ ಅಂಗಡಿಯವರಿಗಿಂತ ಮೊದಲು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕೋಲಾರದವರಿಗೆ ಟಮಕ, ತುಮಕೂರಿನವರಿಗೆ ಹಿರೇಹಳ್ಳಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿಯ ಕುರುಬೂರು. ರೋಗ ಹತ್ತಿದ ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ, ಮೊಬೈಲಿನ ಫೋಟೊಕ್ಕಿಂತ ಅದು ಹೆಚ್ಚು ಮಾತಾಡುತ್ತದೆ.

ಈ ಸಲ ನಾನು 50ರ ಟ್ರೇಯಲ್ಲಿ ನಾಟಿ ಟೊಮೆಟೊ ಎಬ್ಬಿಸಿದೆ. ನೆಟ್ಟದ್ದು ಎರಡು, ಹಂಚಿದ್ದು ಇಪ್ಪತ್ತು. ಉಳಿದವು ಸಂಪಿನ ಪಕ್ಕ ಟ್ರೇಯಲ್ಲೇ ಕುಳಿತು ಒಂದೂವರೆ ತಿಂಗಳಾಯಿತು. ಮೊನ್ನೆ ಎದುರು ಮನೆಯ ಅಕ್ಕ ಬಂದು, “ಎಷ್ಟು ಚೆನ್ನಾಗಿವೆ, ಹೂವೇ ಬಂದುಬಿಟ್ಟಿದೆ, ನಾಲ್ಕು ಕೊಡಿ” ಎಂದರು. ಇವಕ್ಕೆ ವಯಸ್ಸಾಗಿದೆ, ಮುಂದಿನ ಟ್ರೇ ಇನ್ನು ಹದಿನೆಂಟು ದಿನಕ್ಕೆ ಸಿದ್ಧವಾಗುತ್ತದೆ, ಆಗ ಬನ್ನಿ ಎಂದೆ. ಕೊಡಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದೇನೆ ಎಂದುಕೊಂಡರೋ ಏನೋ, ಮುಖ ಸಣ್ಣದು ಮಾಡಿಕೊಂಡು ಹೋದರು.